ತಟ್ಟೆ ತೊಳೆಯುವ ತೊಟ್ಟಿ

ಅರವತ್ತರ ದಶಕದಲ್ಲಿ ಮೇಲೂರಿನ ನಮ್ಮ ಪಕ್ಕದ ಮನೆಯಾಕೆ ರೇಷ್ಮೆಹುಳು ಸಾಕುತ್ತಿದ್ದರು. ಹುಳುಮನೆಗೆ ಯಾರೇ ಬಂದರೂ ಬಾಗಿಲಲ್ಲೇ ಅವರ ಕೈ ಹಿಡಿದು ಮೂಸುತ್ತಿದ್ದರು. ಬೀಡಿ, ಅತ್ತರು, ಹೊಗೆಸೊಪ್ಪು ಯಾವುದರ ವಾಸನೆ ಇದ್ದರೂ ಹುಳುಗಳಿಗೆ ಆಗದೆಂದು ಒಳಗೆ ಬಿಡುತ್ತಿರಲಿಲ್ಲ. "ಕಣ್ಣು ಮೋಸ ಹೋಗ್ತದೆ ಕಣಪ್ಪ, ಮೂಗು ಹೋಗಲ್ಲ" ಎನ್ನುವುದು ಅವರ ಮಾತು.

ಹುಳು ಸಾಕುವ ಬಿದಿರುತಟ್ಟೆಗಳನ್ನು ತೊಳೆಯಲು ತೊಟ್ಟಿ ಬೇಕಾಯಿತು. ಗಂಡ ಕಲ್ಲಿನದು ತರೋಣ ಎಂದರು. "ಅದನ್ನ ಬಗ್ಗಿಸಿ ನೀರು ಚೆಲ್ಲೋಕೆ ನೀವು ಬರ್ತೀರಾ?" ಎಂದು ಆಕೆ ನಕ್ಕರು. ಶಿಡ್ಲಘಟ್ಟದ ಗುಜರಿಯವನ ಹತ್ತಿರ ಅರ್ಧಕ್ಕೆ ಕತ್ತರಿಸಿದ ಡ್ರಮ್ಮೊಂದನ್ನು ಆರಿಸಿದರು. ತಲೆಯನ್ನೇ ಒಳಗೆ ಹಾಕಿ ಮೂಸಿದರು. ಯಾವ ವಾಸನೆಯೂ ಇರಲಿಲ್ಲ.

ಅದರಲ್ಲಿ ತಟ್ಟೆ ತೊಳೆಯಲು ಶುರುಮಾಡಿದ ಮೂರನೆಯ ದಿನ ಬೆಳಿಗ್ಗೆ ಅವರ ಕೂಗು ಕೇಳಿ ಓಡಿದೆ. ಗೂಡು ಕಟ್ಟಲು ವಾರವೂ ಉಳಿದಿರಲಿಲ್ಲ. ಪ್ರತಿ ತಟ್ಟೆಯಲ್ಲೂ ಹುಳುಗಳು ಹಸಿರು ನೀರು ಕಕ್ಕಿ, ಸುರುಟಿಕೊಂಡು ಸತ್ತಿದ್ದವು. ನಾನು ಡ್ರಮ್ಮನ್ನು ಬೋರಲು ಹಾಕಿದೆ. ಹೊರತಳದಲ್ಲಿ ಮೇಲೆ ಬಳಿದಿದ್ದ ಬಣ್ಣ ಕಿತ್ತುಬಂದ ಕಡೆ ತಲೆಬುರುಡೆಯ ಚಿತ್ರವಿತ್ತು.

"ಹುಳ ಸಾಯಿಸೋ ಔಷಧಿ ಡ್ರಮ್ಮು ಇದು" ಎಂದೆ.

"ಬೆಳೆಯೆಲ್ಲ ಹೋಯ್ತಲ್ಲೇ" ಎಂದು ಗಂಡ ತಟ್ಟೆಗಳನ್ನು ಒಂದೊಂದಾಗಿ ಎಳೆದು ನೋಡಿದರು. ಆಕೆ ತಟ್ಟೆಗಳತ್ತ ನೋಡಲೇ ಇಲ್ಲ. "ಅಯ್ಯೋ, ನಿನ್ನೆ ಮಗೂನ ಅದ್ರಲ್ಲೇ ಕೂರಿಸಿ ನೀರು ಹಾಕ್ದೆ" ಎಂದು ನಡುಮನೆಗೆ ಓಡಿದರು. ತೊಟ್ಟಿಲಲ್ಲಿ ಮಲಗಿದ್ದ ಮೊಮ್ಮಗಳನ್ನು ಎತ್ತಿ ಅಂಗಾಲಿಗೆ ಪಟಪಟ ಹೊಡೆದರು. ಮಗು ಕಣ್ಣು ಬಿಡಲಿಲ್ಲ. ಇನ್ನೊಮ್ಮೆ ಹೊಡೆದರು. ಮಗು ಮುಖ ಕಿವುಚಿ, ಕಿಟಾರನೆ ಕಿರುಚಿ ಅತ್ತಿತು.

"ಅಳಮ್ಮ, ಇನ್ನೂ ಜೋರಾಗಿ ಅಳಮ್ಮ" ಎನ್ನುತ್ತ ಆಕೆ ಹೊಸಿಲ ಮೇಲೆ ಕೂತುಬಿಟ್ಟರು.