ಬಾಗಿಲಾಚೆಯ ದನಿ

ತಪ್ಪು ನನ್ನದು, ಮೊದಲೇ ಹೇಳಿಬಿಡ್ತೀನಿ. ಮಿಮಿಕ್ರಿ ಮಾಡಿ ಒಬ್ಬ ಅಜ್ಜಿಯನ್ನು ಬೀಗ ಹಾಕಿದ ವಾರ್ಡಿಗೆ ಸೇರಿಸುವುದರಲ್ಲಿದ್ದೆ.

2014. ಅಡಿಲೇಡ್‌ನ ಒಂದು ಆಸ್ಪತ್ರೆಯಲ್ಲಿ ನಾನು ಸ್ಪೀಚ್ ಪ್ಯಾಥಾಲಜಿಸ್ಟ್. ಪಾರ್ಶ್ವವಾಯು ಬಡಿದವರ ಮಾತು, ಗ್ರಹಿಕೆ ಪರೀಕ್ಷಿಸುವ ಕೆಲಸ. ವಾರಾಂತ್ಯದ ಬಾರ್ಬೆಕ್ಯೂ ಕೂಟಗಳಲ್ಲಿ ನಮ್ಮ ಕನ್ನಡದ ಅಂಕಲ್‌ಗಳ ದನಿ ತೆಗೆದು ಬೈಸಿಕೊಳ್ಳುವುದು ಹವ್ಯಾಸ. ನನ್ನ ದನಿ ತೆಗೆಯೋದು ಇನ್ನೂ ಸುಲಭ, ಮೂಗು ಹಿಡಿದುಕೊಂಡರೆ ಸಾಕು.

ಹಾನ್ನಾ ಅವರಿಗೆ ಎಂಬತ್ತೆಂಟು. ಸಣ್ಣ ಸ್ಟ್ರೋಕ್. ಮಾತು ಮರಳುತ್ತಿತ್ತು, ತಾವೊಬ್ಬರೇ ಇರುವ ಮನೆಗೆ ವಾಪಸಾಗುವ ಆತುರ ಅವರಿಗೆ. ಪರಿಚಿತ ದನಿ ಗುರುತಿಸುತ್ತಾರಾ ನೋಡೋಣ ಎಂದು, ಯಾವ ಪಠ್ಯದಲ್ಲೂ ಇಲ್ಲದ ಪರೀಕ್ಷೆ ಹೂಡಿದೆ. ಕೋಣೆಯ ಬಾಗಿಲು ತಟ್ಟಿ, ಅವರನ್ನು ನೋಡಲು ಬರುತ್ತಿದ್ದ ಮಗ ಡ್ಯಾನಿಯ ದನಿಯಲ್ಲಿ, "ಅಮ್ಮಾ, ನಾನೇ, ಬಾಗಿಲು ತೆಗಿ" ಅಂದೆ.

ಒಳಗೆ ಏನೋ ಉರುಳಿತು. ಆಮೇಲೆ ಉಸಿರಾಟವೂ ಕೇಳಿಸಲಿಲ್ಲ. ತೆರೆದರೆ, ಹಾನ್ನಾ ಮಂಚದ ಹಿಂದೆ ನೆಲಕ್ಕಂಟಿ, ತಮ್ಮ ಬಾಯನ್ನು ತಾವೇ ಮುಚ್ಚಿಕೊಂಡಿದ್ದರು. ಎರಡು ದಿನ ಒಂದಕ್ಷರ ಆಡಲಿಲ್ಲ.

"ಮಗನ ದನಿಗೂ ಹೆದರಿಕೆ, ಗೊಂದಲ" ಎಂದು ವರದಿ ಬರೆದೆ. ಆ ದನಿ ನನ್ನದೆಂದು ಬರೆಯಲಿಲ್ಲ. ವರದಿ ನೋಡಿದ ಡಾಕ್ಟರ್, ಇವರಿಗೆ ಮರೆವಿನ ಕಾಯಿಲೆಯವರನ್ನು ಬೀಗ ಹಾಕಿ ಇಡುವ ಡಿಮೆನ್ಶಿಯಾ ವಾರ್ಡೇ ಸರಿ ಎಂದರು. ಶುಕ್ರವಾರದ ಮೀಟಿಂಗ್‌ನಲ್ಲಿ ತೀರ್ಮಾನ.

ಗುರುವಾರ ಡ್ಯಾನಿ ಬಂದು ತಾಯಿಯ ಕಥೆ ಹೇಳಿದರು. ಯುದ್ಧಕಾಲದ ಪೋಲೆಂಡ್. ಹಾನ್ನಾರ ಅಣ್ಣ ಯಾಕೋವ್ ನಾಜಿಗಳ ವಿರುದ್ಧ ಭೂಗತನಾಗಿ ಹೋರಾಡುತ್ತಿದ್ದ ಯಹೂದಿ ಹುಡುಗ. ಬ್ರೆಡ್ಡಿನೊಳಗೆ ಪಿಸ್ತೂಲು ಸಾಗಿಸುತ್ತಿದ್ದ. ಅವನ ಗುಂಪಿಗೆ ಸಂಕೇತಪದ ಇರಲಿಲ್ಲ, ಗೆಳೆಯನ ದನಿಯೇ ಗುರುತು. ಒಂದು ಸಂಜೆ ಬಾಗಿಲಾಚೆ ಗೆಳೆಯನ ದನಿ ಕರೆಯಿತು. ಯಾಕೋವ್ ತೆರೆದ. ಆ ಗೆಳೆಯನನ್ನು ಹಿಂದಿನ ದಿನವೇ ಕೊಂದಿದ್ದರು. ಕರೆದವನು ನನ್ನ ಹಾಗೇ ದನಿ ತೆಗೆಯಬಲ್ಲ, ನಾಜಿಗಳ ಒಬ್ಬ ಗುಪ್ತಚರ. ನೆಲಹಲಗೆಯ ಕೆಳಗೆ ಅಡಗಿದ್ದ ತಂಗಿಗೆ ಮೆಟ್ಟಿಲ ಮೇಲಿನ ಗುಂಡಿನ ಸದ್ದು ಕೇಳಿಸಿತು. ಯಾಕೋವ್‌ಗೆ ಹತ್ತೊಂಬತ್ತು.

ನನ್ನ ಕಪಿಚೇಷ್ಟೆಯನ್ನು ಅವತ್ತು ಕಣ್ಣಾರೆ ಕಂಡಿದ್ದ ಮೈಸೂರಿನ ನರ್ಸ್ ಸುಧಾ ಆಂಟಿ ಕಾರಿಡಾರಿನಲ್ಲಿ ಅಡ್ಡ ನಿಂತರು. "ಊರವರ ದನಿಯೆಲ್ಲ ತೆಗೀತೀಯಲ್ಲಪ್ಪ, ನಾಳೆ ಮೀಟಿಂಗ್‌ನಲ್ಲಿ ನಿನ್ನದು ಹೊರಡುತ್ತೋ ಇಲ್ವೋ ನೋಡ್ತೀನಿ."

ಹೊರಟಿತು. ಎಲ್ಲ ಒಪ್ಪಿಕೊಂಡೆ. ರೋಗಿ ಮಾಡಿದ್ದನ್ನಷ್ಟೇ ಅಲ್ಲ, ಅದಕ್ಕೆ ಮುಂಚೆ ನಾವು ಮಾಡಿದ್ದನ್ನೂ ವರದಿಯಲ್ಲಿ ಬರೆಯಬೇಕೆಂದು ಈ ಕೆಲಸ ನನಗೆ ಕಲಿಸಿದ್ದು ಅವತ್ತೇ.

ಡಾಕ್ಟರಿಗೆ ಇನ್ನೂ ಅನುಮಾನ. ಮಗನ ಜೊತೆ ಮೀಟಿಂಗ್‌ಗೆ ಬಂದು ಕೂತಿದ್ದ ಹಾನ್ನಾ ಕಡೆ ತಿರುಗಿ, "ಆದರೂ ಮಗನ ದನಿ ಕೇಳಿ ನೀವು ಬಾಗಿಲು ತೆರೆಯಲಿಲ್ಲವಲ್ಲ?" ಎಂದರು.

ಹಾನ್ನಾ ಒಂದೊಂದೇ ಪದ ಹುಡುಕಿ ಜೋಡಿಸಿದರು.

"ನಮ್ಮಣ್ಣ ತೆರೆದಿದ್ದ, ಡಾಕ್ಟ್ರೇ. ಆಚೆ ಇದ್ದವನು ನನ್ನ ಮಗ ಅಲ್ಲ ತಾನೇ? ಹಾಗಿದ್ರೆ ಗೊಂದಲ ಆದದ್ದು ನಿಮಗೆ, ನನಗಲ್ಲ."