ಮೇಣದ ಅಜ್ಜಿ, ನಮ್ಮ ಅಜ್ಜಿ

ಅಜ್ಜಿ ನನ್ನ ಜೊತೆ ಮಾತಾಡಿದರು, ಫ್ರೆಂಡ್ಸ್! ಮದುವೆಯಾದ ಇಪ್ಪತ್ತೆರಡನೇ ದಿನ, ಮೈಸೂರಿನ ಒಂದು ವ್ಯಾಕ್ಸ್ ಮ್ಯೂಸಿಯಂನಲ್ಲಿ, ನನ್ನ ಗಂಡನ ಅಜ್ಜಿ ಕೊನೆಗೂ ನನ್ನ ಜೊತೆ ಮಾತಾಡಿದರು!

ಅದಕ್ಕೇಕೆ ಇಷ್ಟು ಸಂಭ್ರಮ ಅಂತೀರಾ?

ಜ್ವರ ಅಂತ ಅಜ್ಜಿ ಮದುವೆಗೆ ಬಂದಿರಲಿಲ್ಲ. ಮರುದಿನ ಕೊಟ್ಟೂರಿನ ಮನೆಯಲ್ಲಿ ಹಿರಿಯರೆಲ್ಲ ಜಮಖಾನದ ಮೇಲೆ ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಕಾಲಿಗೂ ನಮಸ್ಕಾರ ಮಾಡಿದೆ. ಅಡುಗೆಮನೆ ಬಾಗಿಲಲ್ಲಿ ಶೇಂಗಾ ಸುಲಿಯುತ್ತಿದ್ದವರಿಗೆ ಮಾತ್ರ ಕೈ ಬೀಸಿ 'ಹಾಯ್' ಅಂದೆ. ಕೆಲಸಕ್ಕೆ ಬಂದವರು ಅಂದುಕೊಂಡಿದ್ದೆ.

ಅವರೇ ಅಜ್ಜಿ...

ಆಮೇಲೆ ಓಡಿಹೋಗಿ ಬಗ್ಗಿದೆ. ಪಾದ ಹಿಂದಕ್ಕೆ ಎಳೆದುಕೊಂಡರು. ಅಂದಿನಿಂದ ಒಂದು ಲೋಟ ನೀರು ಬೇಕಿದ್ದರೂ ಇವರಿಗೆ ಹೇಳುತ್ತಿದ್ದರು, ಇವರು ನನಗೆ ಹೇಳುತ್ತಿದ್ದರು.

ನನಗೋ ಭಯ. ಕೂತಿರುವ ಹಿರಿಯರು ಕಂಡರೆ ಸಾಕು, ಬಗ್ಗಿಬಿಡುತ್ತಿದ್ದೆ. ಉಜ್ಜಿನಿ ಗುಡಿಯ ಮುಂದೆ ತೆಂಗಿನಕಾಯಿ ಮಾರುವ ಅಮ್ಮನಿಗೂ ನಮಸ್ಕಾರ ಮಾಡಿದ್ದೇನೆ!

ಆಷಾಢಕ್ಕೆ ಹೊಸ ಸೊಸೆ ತವರಲ್ಲಿರಬೇಕಲ್ಲ. ನನ್ನನ್ನು ಮೈಸೂರಿಗೆ ಬಿಡಲು ಎಲ್ಲರೂ ವ್ಯಾನ್ ಮಾಡಿಕೊಂಡು ಬಂದರು, ಅಜ್ಜಿಯೂ. ಅರಮನೆ ಆಯಿತು, ಮೃಗಾಲಯ ಆಯಿತು, ಕೊನೆಗೆ ಮೇಣದ ಮ್ಯೂಸಿಯಂ. ಸಂಜೆ ಅವರೆಲ್ಲ ವಾಪಸ್. ಒಂದು ಮಾತೂ ಆಡದೆ ಅಜ್ಜಿ ಹೊರಟುಬಿಟ್ಟರೆ ಇಡೀ ತಿಂಗಳು ಹೇಗಿರಲಿ?

ಒಳಗೆ ಕಾಲಿಟ್ಟರೆ... ಕನಸು. ಮಂದ ಬೆಳಕು. ಯಾರೋ ಶಹನಾಯಿ ಊದುತ್ತಿದ್ದಾರೆ, ಕೆನ್ನೆ ಉಬ್ಬಿದೆ, ಉಸಿರಿಲ್ಲ. ವೀಣೆಯ ತಂತಿಯ ಮೇಲೆ ಬೆರಳು ಹಾಗೇ ನಿಂತಿದೆ. ಎಲ್ಲಿಂದಲೋ ತಂಬೂರಿಯ ನಾದ. ನಾನು ನಡೆಯುತ್ತಿಲ್ಲ, ತೇಲುತ್ತಿದ್ದೇನೆ.

ಮೂಲೆಯಲ್ಲೊಂದು ಹಳ್ಳಿಮನೆಯ ಜಗಲಿ. ಅದರ ಮೇಲೆ ಇಬ್ಬರು ಮುದುಕಿಯರು. ಒಬ್ಬರು ಎಲೆ ಅಡಿಕೆ ಚೀಲ ಹಿಡಿದು ನನ್ನನ್ನೇ ನೋಡಿ ನಗುತ್ತಿದ್ದಾರೆ. ಇನ್ನೊಬ್ಬರು ಸೆರಗು ಹೊದ್ದು, ತಲೆ ತಗ್ಗಿಸಿ, ಅಲುಗದೆ ಕೂತಿದ್ದಾರೆ.

ತಲೆ ತಗ್ಗಿಸಿದ್ದು ಬೊಂಬೆ, ನಗುತ್ತಿರುವವರು ದಣಿದು ಕೂತ ಯಾರೋ ಹಿರಿಯರು ಅಂದುಕೊಂಡೆ. ಬಗ್ಗಿಯೇಬಿಟ್ಟೆ.

ಪಾದ ತಣ್ಣಗಿತ್ತು. ತಲೆಯ ಮೇಲೆ ಕೈ ಬರಲೇ ಇಲ್ಲ.

ಹಿಂದಿನಿಂದ ಇವರ ದನಿ. "ಎದ್ದು ಬಾ ಮಾರಾಯ್ತಿ, ಆಕಿ ಆಶೀರ್ವಾದ ಮಾಡೋ ಹೊತ್ತಿಗೆ ಶ್ರಾವಣ ಬರ್ತೈತಿ."

ಆಗ ಪಕ್ಕದ ಬೊಂಬೆ ತಲೆ ಎತ್ತಿತು.

ಅಜ್ಜಿ! ಕಾಲು ನೋವೆಂದು ಅಲ್ಲಿ ಕೂತವರು ಹಾಗೇ ತೂಕಡಿಸಿದ್ದರು. ಎರಡನೇ ಸಲವೂ ಅವರನ್ನೇ ಬಿಟ್ಟಿದ್ದೆ. ಏಳಲು ಧೈರ್ಯ ಬರಲಿಲ್ಲ. ಬಗ್ಗಿದಲ್ಲೇ ನಾನೂ ಮೇಣವಾದೆ...

ತಲೆಯ ಮೇಲೆ ಒಂದು ಕೈ ಬಂತು. ಒರಟಾದ, ಬೆಚ್ಚಗಿನ ಕೈ.

"ಆಕಿ ಮೇಣದಾಕಿ ಅದಾಳವ್ವ. ಆಶೀರ್ವಾದ ಮಾಡಾಕ ನಾ ಇಲ್ಲೇನು?"

ಇವರು ನಕ್ಕರು. ಅಜ್ಜಿ ಮೊಮ್ಮಗನತ್ತ ತಿರುಗಿದರು. "ನೀ ಸುಮ್ನಿರಲೇ. ಒಂಚೂರು ಅಡಿಕಿ ಕೊಡವ್ವ ಅಂತ ನಾನೂ ಆಗಲೇ ಆಕೀನ್ನ ಕೇಳೀನಿ."

ಉಳಿದ ಮ್ಯೂಸಿಯಂ ಪೂರ್ತಿ ಅಜ್ಜಿ ನನ್ನ ಕೈ ಹಿಡಿದೇ ನೋಡಿದರು. ವ್ಯಾನ್ ಹತ್ತುವಾಗ, ಸುಲಿಯಬೇಕಾದ ಶೇಂಗಾ ಎರಡು ಚೀಲ ಇದೆ, ಆಷಾಢ ಮುಗಿದ ಮೇಲೆ ತಡಮಾಡಬೇಡ ಅಂದರು. ನನಗೇ ಅಂದರು, ಇವರಿಗಲ್ಲ!

ತಡ ಮಾಡುವ ಮಾತೇ ಇಲ್ಲ... ಶ್ರಾವಣದ ಮೊದಲ ಸೋಮವಾರ, ಹರಿಹರದಿಂದ ಹೊಸಪೇಟೆಗೆ ಹೋಗುವ ಪ್ಯಾಸೆಂಜರ್‌ನಲ್ಲಿ ಕೊಟ್ಟೂರಿಗೆ ಬಂದಿಳಿಯುತ್ತೇನೆ.