ಹದಿನಾಲ್ಕು ತೂತಿನ ಫ್ಲೆಕ್ಸ್

ಬಳ್ಳಾರಿಯ ಕೌಲ್‌ಬಜಾರಿನ ನಮ್ಮ ಓಣಿಯಲ್ಲಿ ಬದುಕಿದ್ದವರಿಗೆ ಒಂದು ತಗಡಿನ ನೆರಳು ಕೊಡದವರೂ ಸತ್ತವರಿಗೆ ಹತ್ತಡಿ ಫ್ಲೆಕ್ಸ್ ಕೊಡುತ್ತಾರೆ. ಮಾರೆಮ್ಮನ ಒಬ್ಬಳೇ ಮಗಳು ಮೇಘಾ ಸತ್ತ ಮರುದಿನ ಓಣಿಯ ಬಾಯಲ್ಲಿ ಅಂಥದೊಂದು ಮಹಾಫಲಕ ಎದ್ದು ನಿಂತಿತು. ನಡುವೆ ಆಧಾರ್ ಕಾರ್ಡಿನಿಂದ ತೆಗೆದ ಮೇಘಾಳ ಫೋಟೊ, ಊಟದ ತಾಟಿನಷ್ಟು. ಅವಳ ಸುತ್ತ ಹದಿನಾಲ್ಕು ಮಂದಿ ಶೋಕತಪ್ತ ವೀರರು. ಆ ಹದಿನಾಲ್ಕರಲ್ಲಿ ಎಲ್ಲರಿಗಿಂತ ಮೇಲೆ, ಬಂಡಿಗಾಲಿಯಷ್ಟು ದೊಡ್ಡ ಮುಖದಲ್ಲಿ, ಮುಂದಿನ ವಾರ್ಡ್ ಚುನಾವಣೆಯ ಭಾವಿ ಅಭ್ಯರ್ಥಿ ಪಂಪಣ್ಣ. ಕಪ್ಪು ಕನ್ನಡಕ ಹಾಕಿಕೊಂಡು, ಕೈಮುಗಿದು, ದುಃಖ ತಡೆಯಲಾರದೆ ನಗುತ್ತಿದ್ದ. ಹೆತ್ತವಳ ಹೆಸರಿಗೆ ಜಾಗ ಸಾಲಲಿಲ್ಲ.

ಹೆತ್ತವಳು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವವಳು. ಕಾರ್ಖಾನೆಯಲ್ಲಿ ಹೊಲಿದ ಪ್ಯಾಂಟುಗಳು ಗಂಟಾಗಿ ಮನೆಗೆ ಬರುತ್ತವೆ. ಹೊಲಿಗೆಯ ತುದಿಯಲ್ಲಿ ಜೋತಾಡುವ ದಾರಗಳನ್ನು ಹೊಸ್ತಿಲಲ್ಲಿ ಕೂತು ಕತ್ತರಿಸಬೇಕು. ಗಂಡ ಉಚ್ಚೆಂಗೆಪ್ಪ ತೀರಿಹೋದ ಮೇಲೆ ಹತ್ತು ವರ್ಷ ಆ ಕತ್ತರಿಯೇ ಮನೆ ನಡೆಸಿತ್ತು. ನಮ್ಮ ಓಣಿಯ ಏಕೈಕ ದಿವ್ಯಾಸ್ತ್ರ ಅದು. ಹಾಲಿನ ಪಾಕೀಟಿನಿಂದ ಹಿಡಿದು ಮದುಮಗನ ಮೀಸೆವರೆಗೆ ಏನು ಕತ್ತರಿಸಬೇಕಿದ್ದರೂ ಜನ ಅವಳ ಹೊಸ್ತಿಲಿಗೇ ಬರುತ್ತಿದ್ದರು. ಮೇಘಾ ಅದೇ ಕಾರ್ಖಾನೆಯಲ್ಲಿ ಮಷಿನ್ ತುಳಿಯುತ್ತಿದ್ದಳು.

ಭಾನುವಾರ ಸಂಜೆ ಸಿರುಗುಪ್ಪದಿಂದ ಬೈಕಿನಲ್ಲಿ ಬರುವಾಗ, ಕುರುಗೋಡಿನ ಹತ್ತಿರ, ಹಿಂದೆ ದೀಪವಿಲ್ಲದ ಹುಲ್ಲಿನ ಟ್ರ್ಯಾಕ್ಟರಿಗೆ ಬೈಕು ಬಡಿಯಿತು. ಮೇಘಾ ಅಲ್ಲೇ ಹೋದಳು. ಇಷ್ಟು ತಿಳಿದು ಓಣಿ ಎರಡು ದಿನ ಅತ್ತಿತು. ಮೂರನೆಯ ದಿನ ಉಳಿದದ್ದೂ ತಿಳಿಯಿತು. ಬೈಕು ನಡೆಸುತ್ತಿದ್ದವನು ದೇಶನೂರಿನ ಹುಡುಗ. ಕಾಲು ಮುರಿದುಕೊಂಡು ಸಿರುಗುಪ್ಪದ ಆಸ್ಪತ್ರೆಯಲ್ಲಿ ಬದುಕಿದ್ದಾನೆ. ಅಲ್ಲಿಗೆ ಅಳು ನಿಂತಿತು, ನ್ಯಾಯಾಲಯ ತೆರೆಯಿತು.

ಮೊದಲ ಕಲಾಪ ಪಕ್ಕದ ಮನೆಯ ಚನ್ನಬಸಮ್ಮನದು, ಗೋಡೆಯ ಮೇಲಿಂದ.

"ಮಾರೆಮ್ಮಕ್ಕಾ, ಆ ಹುಡುಗ ಯಾರು?"

"ಗೊತ್ತಿಲ್ಲವ್ವ."

"ಹೆತ್ತಾಕಿಗೆ ಗೊತ್ತಿಲ್ಲಂದ್ರ ಗೋಡಿಗೆ ಗೊತ್ತೈತೇನು? ಮೂರು ದಿನ ಆಗಿಲ್ಲ, ಕತ್ರಿ ಬ್ಯಾರೆ ಹಿಡದಿ!"

ಮಧ್ಯಾಹ್ನ ಪಂಪಣ್ಣನೇ ದಯಮಾಡಿಸಿದ. ಕೂರಲು ಕುರ್ಚಿ ಇರಲಿಲ್ಲ. ಪ್ಯಾಂಟಿನ ಗಂಟಿನ ಮೇಲೆ ಸಿಂಹಾಸನಾರೂಢನಾದ.

"ಅಕ್ಕಾ, ಆ ಹುಡುಗ ನಿಮ್ಮ ಅಣ್ಣನ ಮಗ ಅಂತ ಒಂದು ಮಾತು ಅಂದುಬಿಡ್ರಿ. ಓಣಿ ಬಾಯಿ ಮುಚ್ಚತೈತಿ. ಹನ್ನೊಂದನೇ ದಿನದ ಊಟ ನಾನೇ ಮಾಡಸ್ತೀನಿ."

"ನನಗ ಅಣ್ಣನೇ ಇಲ್ಲಲ್ಲಪ್ಪ."

"ಇದ್ದ ಅನ್ರಿ. ಯಾರು ಹುಡುಕಾಕ ಹೋಗ್ತಾರ?"

ಮಾರೆಮ್ಮ ಕೈ ನಿಲ್ಲಿಸಲಿಲ್ಲ. "ಮೇಘಾ ನನಗ ಏನೂ ಹೇಳಿದ್ದಿಲ್ಲ. ಆಕಿ ಹೇಳಲಾರದ್ದು ನಾ ಹೆಂಗ ಹೇಳ್ಲಿ? ಸುಳ್ಳವ್ವಾ ಅದು ಅನ್ನಾಕ ಆಕಿ ಎದ್ದು ಬರಂಗಿಲ್ಲ. ಅದಕ್ಕ ಹೇಳಬಾರದು."

ಭಾವಿ ಅಭ್ಯರ್ಥಿ ಸಿಂಹಾಸನದಿಂದ ಇಳಿದ. ಸಂಜೆ ಅವನ ಬಂಟ ವೆಂಕಣ್ಣ ಬಂದು, ಒಂದು ಸಣ್ಣ ಕೆಲಸ ಐತಿ ಎಂದು ಕತ್ತರಿ ಕೇಳಿ ಒಯ್ದ.

ಬೆಳಗಾದಾಗ ಫ್ಲೆಕ್ಸಿನಲ್ಲಿ ಹದಿನಾಲ್ಕು ತೂತು. ಹದಿನಾಲ್ಕು ವೀರರೂ ರಣರಂಗ ತೊರೆದಿದ್ದರು, ತಲೆಗಳಷ್ಟೇ. ಬಿಳಿ ಅಂಗಿ, ಮುಗಿದ ಕೈಗಳು ಇದ್ದಲ್ಲೇ ಇದ್ದವು. ಪಂಪಣ್ಣನ ಮುಖವಿದ್ದ ತೂತಿನಲ್ಲಿ ಹಿಂದಿನ ಚಹಾದಂಗಡಿ ಪೂರ್ತಿ ಕಾಣುತ್ತಿತ್ತು, ಗಿರಾಕಿಗಳ ಸಮೇತ.

ವೆಂಕಣ್ಣ ಕತ್ತರಿ ಮರಳಿ ಕೊಟ್ಟ. ಅಲಗು ತಿರುಗಿಸಿ ನೋಡಿದ ಮಾರೆಮ್ಮ ಕೇಳಿದಳು, "ಹರಿತ ಹೋಗೈತಲ್ಲೋ?"

"ಏನೋ ದಪ್ಪಂದು ಕತ್ರಿಸಿದ್ವಿ, ಅಕ್ಕಾ."

"ಹೌದಪ್ಪ, ದಪ್ಪನ್ನ ಚರ್ಮ."

ಆಮೇಲೆ ಓಣಿಯ ಬಾಯಿಗೆ ಹೋದಳು. ಈಗ ಎದೆ ಬಡಿದುಕೊಳ್ಳುತ್ತಾಳೆ ಎಂದು ಜನ ಚಹಾ ಆರಲು ಬಿಟ್ಟು ನೋಡಿದರು. ಅವಳು ಫ್ಲೆಕ್ಸಿನ ಸಡಿಲವಾಗಿದ್ದ ಒಂದು ಮೂಲೆಯ ಹಗ್ಗ ಬಿಗಿದು ಕಟ್ಟಿ, ಮನೆಗೆ ಬಂದು, ಗಂಟು ಬಿಚ್ಚಿದಳು.

ಆ ಗಂಟು ಹಿಂದಿನ ವಾರ ಹೊಲಿದದ್ದು. ನಾಲ್ಕನೆಯ ಪ್ಯಾಂಟಿಗೆ ಕೈ ನಿಂತಿತು. ಜೇಬಿನ ಮೂಲೆಯಲ್ಲಿ ಮೂರು ಸಲ ಹೊಲಿಗೆ ಓಡಿಸುವುದು ಮೇಘಾಳ ಅಭ್ಯಾಸ. ಬೇರೆ ಯಾರೂ ಅಷ್ಟು ದಾರ ಸುರಿಯುವುದಿಲ್ಲ. ಅದಕ್ಕಾಗಿ ಸೂಪರ್‌ವೈಸರನಿಂದ ಬೈಸಿಕೊಳ್ಳುತ್ತಿದ್ದಳು. ಅವಳು ಬಿಟ್ಟ ದಾರದ ತುದಿ ಗೇಣುದ್ದ ಜೋತಾಡುತ್ತಿತ್ತು. ಮಾರೆಮ್ಮ ಎರಡು ಸಲ ಕತ್ತರಿಯನ್ನು ದಾರದ ಹತ್ತಿರ ತಂದಳು, ಎರಡು ಸಲವೂ ಕೆಳಗಿಟ್ಟಳು. ಆ ಪ್ಯಾಂಟು ದಾರದ ಸಮೇತ ಹಾಗೇ ಹೋಯಿತು. ಹತ್ತು ವರ್ಷದಲ್ಲಿ ಅವಳ ಕೈಯಿಂದ ತಪ್ಪಿಹೋದ ದಾರ ಅದೊಂದೇ.

ಏಳನೆಯ ದಿನ ಮುಂಗಾರಿಗೆ ಮೊದಲಿನ ಗಾಳಿ ಎದ್ದಿತು. ಬಳ್ಳಾರಿಯ ಗಾಳಿಗೆ ಪಕ್ಷಭೇದವಿಲ್ಲ. ಹುಟ್ಟುಹಬ್ಬದವರು, ಹಬ್ಬದ ಶುಭಾಶಯ ಕೋರಿದವರು, ಎಲ್ಲ ನಾಯಕರೂ ಹರಿದು ಚರಂಡಿ ಸೇರಿದರು. ಪಂಪಣ್ಣನ ಇಪ್ಪತ್ತಡಿಯ ಹುಟ್ಟುಹಬ್ಬದ ಫ್ಲೆಕ್ಸ್ ಹಾರಿ ಟ್ರಾನ್ಸ್‌ಫಾರ್ಮರಿಗೆ ಅಪ್ಪಿಕೊಂಡು ಓಣಿಗೆಲ್ಲ ಕತ್ತಲು ದಯಪಾಲಿಸಿತು. ನಿಂತದ್ದು ಮೇಘಾಳದೊಂದೇ. ಗಾಳಿ ಹಾಯಲೆಂದು ಫ್ಲೆಕ್ಸ್ ಕಟ್ಟುವವರೇ ಅಲ್ಲಲ್ಲಿ ಬ್ಲೇಡಿನಿಂದ ಸೀಳುತ್ತಾರೆ. ಇಲ್ಲಿ ಹದಿನಾಲ್ಕು ಗಣ್ಯರು ಆ ಸೇವೆಯನ್ನು ಖುದ್ದಾಗಿ ಸಲ್ಲಿಸಿದ್ದರು. ಗಾಳಿ ಅವರ ಕೊರಳ ಮೇಲಿಂದ ಸುಯ್ಯೆಂದು ಹಾಯ್ದುಹೋಯಿತು. ನಡುವಿನ ಹುಡುಗಿ ಅಲುಗಲಿಲ್ಲ.

ಹನ್ನೊಂದನೆಯ ದಿನ ಮಾರೆಮ್ಮ ಒಬ್ಬಳೇ ಅಡುಗೆ ಮಾಡಿದಳು. ಬಾಡಿಗೆ ಪಾತ್ರೆಯ ತುಂಬ ಅನ್ನ, ಬೇಳೆಸಾರು. ಮನೆಮನೆಗೆ ಹೋಗಿ ಕರೆದು ಬಂದಿದ್ದಳು. ಎರಡು ಗಂಟೆಯಾದರೂ ಯಾರೂ ಬರಲಿಲ್ಲ. ಹಾಸಿದ ಚಾಪೆಯ ಮೇಲೆ ನೊಣ ಕೂತಿದ್ದವು.

ಆಗ ಒಂದು ಆಟೋ ಬಂದು ನಿಂತಿತು. ಇಳಿದವನ ಒಂದು ಕಾಲಿಗೆ ಪ್ಲಾಸ್ಟರು, ಕಂಕುಳಲ್ಲಿ ಊರುಗೋಲು. ಓಣಿಯ ಗೋಡೆಗಳ ಮೇಲೆ ಸಾಲಾಗಿ ತಲೆಗಳು ಮೂಡಿದವು.

"ನಾನು ತಿಪ್ಪೇಸ್ವಾಮಿ, ಅಮ್ಮಾ. ಬೈಕು..." ಹುಡುಗ ಮೂಗು ಒರೆಸಿಕೊಂಡ. "ದಾರಿ ಉದ್ದಕ್ಕೂ ಮೇಘಾ ಒಂದ ಮಾತು ಅನ್ಕೋತ ಬಂದ್ಲಮ್ಮಾ. ಇವತ್ತು ಮನಿಗೆ ಹೋದಕೂಡ್ಲೆ ಅವ್ವಗ ನಿನ್ನ ವಿಷಯ ಹೇಳ್ತೀನಿ ಅಂತ. ನಾನೇ ಬ್ಯಾಡ ಅಂದೆ. ಕೇಳಲಿಲ್ಲ. ಹೇಳೇ ಹೇಳ್ತೀನಿ ಅಂದ್ಲು."

ಮಾರೆಮ್ಮ ಅವನ ಪ್ಲಾಸ್ಟರನ್ನು ನೋಡಿದಳು. ಕಣ್ಣು ತುಂಬಿ ಬಂದದ್ದನ್ನು ಸೆರಗಿನಿಂದ ಒತ್ತಿಕೊಂಡಳು.

"ಹಂಗಾರ ಹೇಳಿದಂಗ ಆತು," ಎಂದಳು. "ಕುಂದ್ರಪ್ಪ. ಕಾಲು ಚಾಚಿ ಕುಂದ್ರು. ಉಣ್ಣು."

ಚನ್ನಬಸಮ್ಮನಿಗೆ ತಡೆಯಲಾಗಲಿಲ್ಲ. "ಯಾರು ಮಾರೆಮ್ಮಕ್ಕಾ, ಆ ಹುಡುಗ?"

ಮಾರೆಮ್ಮ ಸಾರಿನ ಸೌಟು ಹಿಡಿದುಕೊಂಡೇ ಗೋಡೆಯ ಹತ್ತಿರ ಹೋದಳು.

"ಮೇಘಾ ಹೇಳಿದ್ಲಲ್ಲ, ಆ ಹುಡುಗ. ತಾಟು ತಗೊಂಡು ಬಾರವ್ವ, ಅನ್ನ ಬಾಳ ಐತಿ."

ಗೋಡೆಯ ಮೇಲಿನ ತಲೆಗಳು ಒಂದೊಂದಾಗಿ ಇಳಿದವು. ಅಂದು ಆ ಮನೆಯಲ್ಲಿ ಅನ್ನ ಬಹಳ ಉಳಿಯಿತು.